ಕಥೆ, ಕಾದಂಬರಿ ಮನೆಯಲ್ಲೇ ಓದಬಹುದಲ್ವಾ, ಅದಕ್ಕೆ ಡಿಗ್ರಿ ಯಾಕೆ?

ನಾನು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪಿಯುಸಿ ರಿಸಲ್ಟ್ ಬಂದ ಮೇಲೆ ಅಡ್ಮಿಷನ್‌ಗೆ ಬರುವ ಅಪ್ಪ, ಅಮ್ಮಂದಿರದ್ದು ಪ್ರತಿ ವರ್ಷ ಒಂದೇ ಪ್ರಶ್ನೆ. "ಮೇಷ್ಟ್ರೇ, ಬಿ.ಎ.ಯಲ್ಲಿ ಆಪ್ಷನಲ್ ಕನ್ನಡ ಯಾಕೆ? ಕಥೆ, ಕಾದಂಬರಿ ಮನೆಯಲ್ಲೇ ಓದ್ಕೋತಾಳೆ. ಮುಂದೆ ಕೆಲಸ ಎಲ್ಲಿ ಸಿಗುತ್ತೆ?"

ಹೊಸ ಕಾದಂಬರಿಗಳನ್ನು ಮನೆಯಲ್ಲೇ ಓದಬಹುದು, ಓದಲಿ. ಹಳಗನ್ನಡದ ಪಂಪನನ್ನು ಮಾತ್ರ ಒಬ್ಬರೇ ಕೂತು ಓದಿಕೊಂಡವರು ತೀರಾ ಕಡಿಮೆ. ಪುಸ್ತಕ ಸಿಗುತ್ತದೆ, ನಿಘಂಟೂ ಸಿಗುತ್ತದೆ. ಜೊತೆಗೆ ಕೂತು ಓದಿಸುವವರು ಬೇಕು.

ಪಂಪ 'ವಿಕ್ರಮಾರ್ಜುನ ವಿಜಯ' ಬರೆದದ್ದು ಕ್ರಿ.ಶ. 941ರ ಸುಮಾರಿಗೆ. ಅದರಲ್ಲಿ ಕರ್ಣ ಸತ್ತ ಮೇಲೆ ಬರುವ ಒಂದು ಪದ್ಯ ಹೀಗೆ ಶುರುವಾಗುತ್ತದೆ: "ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನೊಂದೆ ಚಿತ್ತದಿಂ". ಮೊದಲ ಸಲ ಕಂಡಾಗ ಮಕ್ಕಳು ಹೆದರುತ್ತಾರೆ. ನಾವು ಮೊದಲು ಗಟ್ಟಿಯಾಗಿ ಓದುತ್ತೇವೆ. ಆಮೇಲೆ ಪದ ಬಿಡಿಸುತ್ತೇವೆ. ಮಹಾಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡಣ್ಣ, ನೆನೆಯುವುದಾದರೆ ಕರ್ಣನನ್ನು ನೆನೆ, ಅಂತ ಅರ್ಥ ತೆರೆದುಕೊಳ್ಳುತ್ತದೆ. ಬೋರ್ಡಿನ ಮೇಲೆ ಪ್ರಸ್ತಾರ ಹಾಕಿದರೆ, ಅಂದರೆ ಯಾವ ಅಕ್ಷರ ಗಿಡ್ಡ (ಲಘು), ಯಾವುದು ಉದ್ದ (ಗುರು) ಅಂತ ಗುರುತು ಮಾಡಿದರೆ, ಸಾಲಿಗೆ 21 ಅಕ್ಷರ, ಚಂಪಕಮಾಲೆ ಅನ್ನುವ ಛಂದಸ್ಸು. ಲಘು, ಗುರು ಗೊತ್ತಾದ ಮೇಲೆ ಇನ್ನೊಮ್ಮೆ ಓದಿಸಿದರೆ ಅದೇ ಹುಡುಗರ ದನಿಯೇ ಬೇರೆ ಇರುತ್ತದೆ.

ಅಷ್ಟೊತ್ತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ, "ಇದರ ನಾಯಕ ಅರ್ಜುನ ಅಲ್ವಾ ಸರ್?" ಹೌದು. ಪಂಪ ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನಾಗಿ ಕಂಡು ಬರೆದವನು. ಹಾಗಿದ್ದೂ ಅರ್ಜುನನ ಕೈಯಲ್ಲಿ ಸತ್ತವನನ್ನು ನೆನೆ ಅನ್ನುತ್ತಾನೆ! ದೊರೆಯ ಅನ್ನ ಉಂಡ ಕವಿ ಈ ಮಾತನ್ನು ಹೇಗೆ ಬರೆದ? ಋಣ ದೊಡ್ಡದೋ ನ್ಯಾಯ ದೊಡ್ಡದೋ? ಬೆಲ್ ಹೊಡೆದರೂ ಜಗಳ ನಿಲ್ಲುವುದಿಲ್ಲ. ಹದಿನೆಂಟು, ಹತ್ತೊಂಬತ್ತರ ಮಕ್ಕಳು ಸಾವಿರ ವರ್ಷದ ಹಿಂದಿನ ಕವಿಯ ಜೊತೆ ವಾದ ಮಾಡುವುದನ್ನು ನೋಡುವುದಕ್ಕೇ ನಾನು ಈ ಕೆಲಸದಲ್ಲಿದ್ದೇನೆ. ಪಠ್ಯದ ಜೊತೆ ಹೀಗೆ ಗುದ್ದಾಡುವುದನ್ನೇ ಡಿಗ್ರಿ ಕಲಿಸುವುದು.

ಹಳ್ಳಿಯಿಂದ ಬಂದವರಿಗೆ ಇದು ತಮ್ಮದಲ್ಲ ಅನ್ನುವ ಅಳುಕು ಜಾಸ್ತಿ. ಅವರಿಗೆ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ತೋರಿಸುತ್ತೇನೆ. ಸುಮಾರು ಕ್ರಿ.ಶ. 700ರದ್ದು, ಅದರಲ್ಲಿ ತ್ರಿಪದಿಗಳಿವೆ, ಅಂದರೆ ಮೂರು ಸಾಲಿನ ಪದ್ಯಗಳು. ಅಜ್ಜಿಯರು ಬೀಸುವಾಗ ಹಾಡುತ್ತಿದ್ದ ಹಾಡುಗಳೂ ತ್ರಿಪದಿಯೇ. ಆ ಧಾಟಿ ಕಿವಿಯಲ್ಲಿರುವ ಮಕ್ಕಳು ಛಂದಸ್ಸಿನ ಪಾಠದಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಾರೆ.

ಇನ್ನು ಕೆಲಸ. ಬರೀ ಬಿ.ಎ. ಇಟ್ಟುಕೊಂಡರೆ ಕೆಲಸ ಕಷ್ಟ. ಇತಿಹಾಸ, ಅರ್ಥಶಾಸ್ತ್ರ ಓದಿದವರಿಗೂ ಅಷ್ಟೇ. ಎರಡು ವರ್ಷ ಬಿ.ಎಡ್. ಮಾಡಿದರೆ ಹೈಸ್ಕೂಲು ಮೇಷ್ಟ್ರಾಗಲು ಅರ್ಜಿ ಹಾಕಬಹುದು. ಕಾಲೇಜಿನಲ್ಲಿ ಪಾಠ ಮಾಡಬೇಕು ಅಂದರೆ ಎಂ.ಎ. ಆಗಬೇಕು, ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ‌ಸೆಟ್ ಪಾಸಾಗಬೇಕು. ಆಮೇಲೂ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಇದನ್ನು ಮುಚ್ಚಿಟ್ಟು ಸೀಟು ತುಂಬಿಸುವುದು ನನಗೆ ಸರಿ ಕಾಣುವುದಿಲ್ಲ. ಯುಪಿಎಸ್‌ಸಿ ಮೇನ್ಸ್‌ನಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು, ಎರಡು ಪತ್ರಿಕೆ, 500 ಅಂಕ. ಪತ್ರಿಕೆ, ಅನುವಾದ, ಡಬ್ಬಿಂಗ್ ಕಡೆಯೂ ಹೋಗಬಹುದು. ಅಲ್ಲಿ ಸರ್ಟಿಫಿಕೇಟಿಗಿಂತ ತಪ್ಪಿಲ್ಲದ ನಾಲ್ಕು ಸಾಲು ಮುಖ್ಯ.

ಮನೆಯಲ್ಲಿ ತುರ್ತಾಗಿ ದುಡಿಯುವ ಕೈ ಬೇಕಿದ್ದರೆ ಬೇರೆ ಕೋರ್ಸ್ ನೋಡಿ ಅಂತ ನಾನೇ ಹೇಳುತ್ತೇನೆ. ಓದುವ ಹುಚ್ಚಿರುವ ಮಗಳಿಗೆ ಮಾತ್ರ ದಯವಿಟ್ಟು ಬೇಡ ಅನ್ನಬೇಡಿ. ಸೇರಿಸುವ ಮೊದಲು ಒಂದು ವಿಚಾರಿಸಿ. ಮಕ್ಕಳಿಲ್ಲ ಅಂತ ಆಪ್ಷನಲ್ ಕನ್ನಡವನ್ನೇ ಕೈಬಿಟ್ಟ ಕಾಲೇಜುಗಳಿವೆ. ನಿಮ್ಮ ಊರಿನ ಕಾಲೇಜಿನಲ್ಲಿ ಅದು ಇದೆಯಾ, ಹಳಗನ್ನಡ ಯಾರು ಪಾಠ ಮಾಡುತ್ತಾರೆ ಅಂತ ಕೇಳಿ. ಆಗುವುದಾದರೆ ಮಗಳನ್ನು ಆ ಮೇಷ್ಟ್ರ ಒಂದು ಕ್ಲಾಸಿನಲ್ಲಿ ಕೂರಿಸಿ. ಅಪ್ಲಿಕೇಶನ್ ಆಮೇಲೆ ತುಂಬಿದರೂ ಆಗುತ್ತದೆ.