ಮರದ ಬೋರ್ಡು, ಗಾಜಿನ ಬೋರ್ಡು

2004ರಲ್ಲಿ ಪ್ರಥಮ ಬಿ.ಎಸ್ಸಿ.ಗೆ ಸೇರಿದಾಗ ನನ್ನ ಎತ್ತರ ಆರಡಿ ಎರಡು ಅಂಗುಲ. ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಜಾಗ ಖಾಯಂ ಎಂದು ನನಗೆ ನಾನೇ ತೀರ್ಮಾನಿಸಿಕೊಂಡಿದ್ದೆ. ದೈಹಿಕ ಶಿಕ್ಷಣ ಕಲಿಸುವ ಪಿ.ಡಿ. ಸರ್ ಮಾತ್ರ ನನಗಿಂತ ಗೇಣುದ್ದ ಕುಳ್ಳಗಿದ್ದ ಅಂತಿಮ ವರ್ಷದ ಹುಡುಗನನ್ನು ಮೊದಲ ಐವರಲ್ಲಿ ಇಳಿಸಿದರು. ಕಾರಣ ಕೇಳಿದ್ದಕ್ಕೆ, "ಅವನು ಎರಡು ವರ್ಷದಿಂದ ಸೋತು ಬರುತ್ತಿದ್ದಾನಪ್ಪ. ನೀನಿನ್ನೂ ಒಮ್ಮೆಯೂ ಸೋತಿಲ್ಲ" ಎಂದರು. ಇದೆಂಥ ಅರ್ಹತೆ ಎಂದು ನಾನು ವಾರವಿಡೀ ಮುಖ ಊದಿಸಿಕೊಂಡಿದ್ದೆ.

ಅದೇ ಆಗಸ್ಟ್‌ನಲ್ಲಿ ಅಥೆನ್ಸ್ ಒಲಿಂಪಿಕ್ಸ್ ನಡೆಯುತ್ತಿತ್ತು. ಗ್ರಂಥಾಲಯದ ಪತ್ರಿಕೆಯ ಕ್ರೀಡಾಪುಟ ನಮ್ಮ ಕೈಗೆ ಬರುವಷ್ಟರಲ್ಲಿ ಮಾಸಿರುತ್ತಿತ್ತು. ಮೊದಲ ಪಂದ್ಯದಲ್ಲೇ ಅಮೆರಿಕವನ್ನು ಪೋರ್ಟೊರಿಕೊ 92-73ರಿಂದ ಸೋಲಿಸಿದ ಸುದ್ದಿಯನ್ನು ಅಚ್ಚಿನ ತಪ್ಪೆಂದೇ ನಾವು ನಂಬಿದೆವು. ಡಂಕನ್, ಐವರ್‌ಸನ್‌ರಂಥ ದಿಗ್ಗಜರಿದ್ದ ತಂಡವದು! ಮೂರು ಅಂಕದ ಗೆರೆಯಾಚೆಯಿಂದ ಅವರು ಎಸೆದ 24ರಲ್ಲಿ ಬಿದ್ದದ್ದು ಮೂರೇ. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ 89-81ರಿಂದ ಅವರನ್ನು ಮಣಿಸಿತು. ಜಿನೊಬಿಲಿ ಒಬ್ಬನದೇ 29 ಅಂಕ.

ಆ ಪುಟವನ್ನು ಹಿಡಿದುಕೊಂಡೇ ಸರ್ ಮೈದಾನಕ್ಕೆ ಬಂದರು. ಅರ್ಜೆಂಟೀನಾದ ಬಹುಪಾಲು ಆಟಗಾರರು 2002ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಒಟ್ಟಿಗೆ ಆಡಿದ್ದವರು. ಅಲ್ಲಿಯೂ ಅಮೆರಿಕವನ್ನು 87-80ರಿಂದ ಮಣಿಸಿ, ಫೈನಲ್‌ನಲ್ಲಿ ಹೆಚ್ಚುವರಿ ಸಮಯದವರೆಗೆ ಹೋಗಿ ಯುಗೊಸ್ಲಾವಿಯಕ್ಕೆ ಸೋತಿದ್ದರು. ಅಮೆರಿಕದವರು ಒಂದೆಡೆ ಕೂಡಿದ್ದು ಕೆಲವೇ ವಾರಗಳ ಹಿಂದೆ. ಲೆಬ್ರಾನ್, ವೇಡ್, ಕಾರ್ಮೆಲೊ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಆಗಷ್ಟೇ ಒಂದು ಋತು ಮುಗಿಸಿದ್ದರು. ಹಾಗೆಂದು ಉಳಿದವರಿಗೆ ಅನುಭವ ಕಡಿಮೆಯಿತ್ತೆ? ಬೇಕಾದಷ್ಟಿತ್ತು, ಆದರೆ ಬೇರೆ ನಿಯಮದ ಆಟದ್ದು. ಎನ್‌ಬಿಎಯಲ್ಲಿ 48 ನಿಮಿಷ, ಒಲಿಂಪಿಕ್ಸ್‌ನಲ್ಲಿ 40; ಅಲ್ಲಿ ಆರು ಫೌಲ್‌ಗೆ ಹೊರಗೆ, ಇಲ್ಲಿ ಐದಕ್ಕೇ. ರಿಂಗಿಗೆ ತಾಗಿ ಅದರ ಮೇಲೆ ಕುಣಿಯುವ ಚೆಂಡನ್ನು ಎನ್‌ಬಿಎಯಲ್ಲಿ ಮುಟ್ಟುವಂತಿಲ್ಲ. ಅಂತರರಾಷ್ಟ್ರೀಯ ಆಟದಲ್ಲಿ ಹೊಡೆದು ಹಾಕಬಹುದು. ಹಳೆಯ ಅಭ್ಯಾಸದ ಕೈ ಅಲ್ಲಿ ಒಂದು ಕ್ಷಣ ತಡೆಯುತ್ತದೆ, ಅಷ್ಟರಲ್ಲಿ ಎದುರಾಳಿ ಜಿಗಿದಿರುತ್ತಾನೆ ಎಂದು ಸರ್ ಅಭಿನಯಿಸಿ ತೋರಿಸಿದರು.

ನನಗದು ತಲೆಗೆ ಹತ್ತಿದ್ದು ಅಂತರ ಕಾಲೇಜು ಪಂದ್ಯಾವಳಿಯಲ್ಲಿ. ನಮ್ಮದು ಕೆಮ್ಮಣ್ಣಿನ ಅಂಕಣ, ಸುಣ್ಣದ ಪುಡಿಯ ಗೆರೆ, ರಿಂಗಿನ ಹಿಂದೆ ಮಳೆ ಕುಡಿದು ಉಬ್ಬಿದ ಮರದ ಹಲಗೆಯ ಬೋರ್ಡು. ಚೆಂಡನ್ನು ಬಲವಾಗಿ ಬಡಿದರೆ ಮಾತ್ರ ಅದು ರಿಂಗಿನ ಕಡೆ ಬರುತ್ತಿತ್ತು. ಅಲ್ಲಿ ಗಾಜಿನ ಬೋರ್ಡು. ದ್ವಿತೀಯಾರ್ಧದಲ್ಲಿ ಇಳಿದು ಮೂರು ಲೇ-ಅಪ್ (ಓಡಿಬಂದು ಹತ್ತಿರದಿಂದ ಬೋರ್ಡಿಗೆ ತಾಗಿಸಿ ಹಾಕುವ ಎಸೆತ) ಹಾಕಿದೆ. ಮೂರೂ ರಿಂಗನ್ನು ದಾಟಿ ಹಿಂದಕ್ಕೆ ಚಿಮ್ಮಿದವು. ಆ ಕುಳ್ಳ ಸೀನಿಯರ್ ನನ್ನನ್ನು ಬಳಿಗೆ ಕರೆದು, "ಇಲ್ಲಿ ಸವರಬೇಕು, ಬಡಿಯಬಾರದು" ಎಂದ. ಅವನಿಗೆ ಅದು ಗೊತ್ತಿದ್ದುದು ಹಿಂದಿನ ವರ್ಷ ಅಲ್ಲಿಯೇ ಸೋತದ್ದರಿಂದ. ನಾವು ಆ ಸಲವೂ ಸೋತೆವು, ಅದು ಬೇರೆ ಮಾತು.

ಮುಂದೆ ಬೆಂಗಳೂರಿನಲ್ಲಿ ಕೆಲಸ ಹಿಡಿದ ಮೇಲೂ ಸರ್ ಮಾತು ನೆನಪಾಗುತ್ತಿತ್ತು. 2017ರಲ್ಲಿ ಮಹಿಳೆಯರ ಏಷ್ಯಾ ಕಪ್ ನಮ್ಮೂರಿಗೇ ಬಂತು. ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಾಕಸ್ತಾನವನ್ನು 75-73ರಿಂದ ಸೋಲಿಸಿತು. 2019ರಲ್ಲಿ ಇದೇ ಊರಿನಲ್ಲಿ ಎ ವಿಭಾಗದಲ್ಲಿ ಆಡಿದಾಗ ಎಂಟು ತಂಡಗಳಲ್ಲಿ ನಮ್ಮದು ಎಂಟನೆಯ ಸ್ಥಾನ. ಕೆಳಗಿನ ಮೆಟ್ಟಿಲಿನಲ್ಲಿ ಗೆದ್ದ ಅನುಭವ ಮೇಲಿನದಕ್ಕೆ ಸಾಲಲಿಲ್ಲ. ಆ ಸಲ ಕಪ್ ಗೆದ್ದ ಜಪಾನ್‌ಗೆ ಅದು ಸತತ ನಾಲ್ಕನೆಯದು.

ಈಗ ಕಾಲೇಜಿಗೂ ಗಾಜಿನ ಬೋರ್ಡು ಬಂದಿದೆ. ಕಳೆದ ಡಿಸೆಂಬರ್‌ನಲ್ಲಿ ಹಳೆಯ ವಿದ್ಯಾರ್ಥಿಗಳ ಪಂದ್ಯವಿತ್ತು. ನಿವೃತ್ತರಾದ ಸರ್ ಗೆರೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ನನ್ನ ಮೊದಲ ಲೇ-ಅಪ್ ಬೋರ್ಡಿಗೆ ಬಡಿದು, ರಿಂಗನ್ನು ದಾಟಿ, ನೇರ ಅವರ ಕಾಲ ಬುಡಕ್ಕೇ ಉರುಳಿತು.