ಉಪ್ಪುಗಾಳಿ ತಲುಪದ ಜೀಪುಗಳು

ಮಲ್ಪೆಯ ಬಳಿ, ಸಮುದ್ರಕ್ಕೆ ಎರಡು ಫರ್ಲಾಂಗಿನಷ್ಟೂ ದೂರವಿಲ್ಲದ ಮಾವನ ಮನೆಯಂಗಳದಲ್ಲಿ 1988ರಿಂದ ಒಂದು ಮಹೀಂದ್ರ ಎಂಎಂ 540 ಜೀಪು ನಿಲ್ಲುತ್ತಿತ್ತು. ಕೈರಂಪಣಿ ಬಲೆಯನ್ನೂ ಮೀನಿನ ಬುಟ್ಟಿಗಳನ್ನೂ ಮರಳಿನ ಮೇಲಿಂದ ರಸ್ತೆಗೆ ಎಳೆದು ತರಲು ನಾಲ್ಕೂ ಗಾಲಿ ತಿರುಗುವ ಗಾಡಿಯೇ ಬೇಕೆಂದು ಮಾವ ಸಾಲ ಮಾಡಿ ಅದನ್ನು ಕೊಂಡಿದ್ದರು. ಒಂದು ದಿನ ನಾನು ಅವರ ಪಕ್ಕದ ಸೀಟಿಗೆ ಹತ್ತಿ ಕಾಲೂರಿದಾಗ ನೆಲದ ತಗಡು ಹಪ್ಪಳದಂತೆ ಮುರಿದು, ಆ ತೂತಿನಲ್ಲಿ ಕೆಳಗಿನ ಮರಳು ಕಂಡಿತು. ಎಂಜಿನ್ ಚೆನ್ನಾಗಿಯೇ ಇತ್ತು. ಆದರೆ 2003ರಲ್ಲಿ, ಹದಿನೈದು ವರ್ಷ ತುಂಬಿ ಆರ್.ಸಿ. ನವೀಕರಣದ ಹೊತ್ತು ಬಂದಾಗ, ಚಾಸಿಯೇ, ಅಂದರೆ ಗಾಡಿಯನ್ನು ಹೊರುವ ಅಡಿಯ ಚೌಕಟ್ಟೇ, ಉಳಿದಿರಲಿಲ್ಲ. ಗಾಡಿಯನ್ನು ಗುಜರಿಗೆ ಕೊಡುವ ದಿನ ಮಾವ ಟ್ರಾನ್ಸ್‌ಫರ್ ಕೇಸನ್ನು ಮಾತ್ರ ಬಿಚ್ಚಿಸಿ, ಗ್ರೀಸು ಬಳಿದು, ಗೋಣಿಯಲ್ಲಿ ಸುತ್ತಿ ಅಟ್ಟದಲ್ಲಿ ಇರಿಸಿದರು. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಮತ್ತು ಮುಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ ಅದು. ಮಾವ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು.

ನಮ್ಮ ಕರಾವಳಿಯಲ್ಲಿ ಅಂಥ ಜೀಪುಗಳು ಕಣ್ಣಿಗೇ ಬೀಳದಿರುವಾಗ, ಒಂದು ದಿನದ ದಾರಿಯಷ್ಟು ದೂರದ ಘಟ್ಟದಲ್ಲಿ ಅವು ಇನ್ನೂ ದುಡಿಯುತ್ತಿವೆ ಎಂಬ ಮಾತನ್ನು ಬಹಳ ಕಾಲದಿಂದ ಕೇಳುತ್ತಿದ್ದೆ. ಅದನ್ನು ಕಣ್ಣಾರೆ ಕಾಣಬೇಕೆಂದು ಕಳೆದ ನವೆಂಬರ್ ಕೊನೆಯಲ್ಲಿ, ಮಳೆ ಪೂರ್ತಿ ಹಿಂದೆ ಸರಿದ ಮೇಲೆ, ಉಡುಪಿಯಿಂದ ಕೊಲ್ಲೂರಿಗೂ ಅಲ್ಲಿಂದ ಕೊಡಚಾದ್ರಿಗೂ ಹೋಗಿಬಂದೆ.

ಹೊರಡುವ ಮುನ್ನ ಸಂತೆಕಟ್ಟೆಯ ಕಡೆ ಒಬ್ಬ ಹಿರಿಯ ಮೆಕ್ಯಾನಿಕ್ಕನ್ನು ಕಂಡೆ. ಮಾವನ ಜೀಪಿಗೆ ಕೊನೆಯ ನಾಲ್ಕು ವರ್ಷ ಪ್ಯಾಚು ಹಾಕಿದವರು ಅವರೇ. ಗ್ಯಾರೇಜಿನ ಹಿಂದೆ ಒಂದು ಮಾರುತಿ ಜಿಪ್ಸಿ ಇಟ್ಟಿಗೆಗಳ ಮೇಲೆ ಕೂತಿತ್ತು. ಅವರು ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು, ಹಿಂದಿನ ಕಮಾನ್ ಪ್ಲೇಟು ಚಾಸಿಗೆ ಕೂಡುವ ಜಾಗದಲ್ಲಿ ಮೆಲ್ಲಗೆ ಒತ್ತಿದರು; ಅರ್ಧ ಇಂಚು ಒಳಗೆ ಹೋಯಿತು. ಎಳೆದಾಗ ಕೆಂಪು ಪುಡಿ ಸುರಿಯಿತು. ಹೊರಗಿನ ಬಣ್ಣಕ್ಕೆ ಏನೂ ಆಗಿರಲಿಲ್ಲ. "ಇದು ಮಳೆದ್ದು ಅಲ್ಲ ಮಾರಾಯ್ರೆ, ಗಾಳಿದ್ದು. ನೀವು ಎಷ್ಟು ತೊಳೆದ್ರೂ ಚಾಸಿಯ ಒಳಗೆ ಕೂತ ಉಪ್ಪು ಹೋಗುದಿಲ್ಲ" ಎಂದರು.

ಅವರು ಅನುಭವದಿಂದ ಹೇಳಿದ ಈ ಮಾತಿನ ಹಿಂದೆ ಸರಳವಾದ ರಸಾಯನಶಾಸ್ತ್ರವಿದೆ. ಅಲೆ ಒಡೆದಾಗ ಹಾರುವ ಸಣ್ಣ ಹನಿಗಳು ಒಣಗಿ ಉಪ್ಪಿನ ಕಣಗಳಾಗಿ ಗಾಳಿಯಲ್ಲಿ ತೇಲುತ್ತವೆ; ಅವು ತಗಡಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ತಗಡಿನ ಮಡಿಕೆಗಳ ಒಳಗೆ ಕೂರುತ್ತವೆ. ಗಾಳಿಯ ತೇವಾಂಶ ಶೇಕಡಾ 75ರ ಆಸುಪಾಸಿಗೆ ಏರಿದರೆ ಉಪ್ಪು ತಾನೇ ನೀರನ್ನು ಎಳೆದುಕೊಂಡು ಕರಗುತ್ತದೆ, ಮತ್ತು ನಮ್ಮ ಕಡಲತೀರದಲ್ಲಿ ಅಷ್ಟು ತೇವಾಂಶ ಮಳೆ ಇಲ್ಲದ ತಿಂಗಳಲ್ಲೂ ರಾತ್ರಿ ಹೊತ್ತು ಇದ್ದೇ ಇರುತ್ತದೆ. ಹೀಗಾಗಿ ಕಡಲಬದಿಯ ಗಾಡಿಯ ಕಬ್ಬಿಣ ನೋಡಲು ಒಣಗಿದ್ದರೂ ನಿಜಕ್ಕೂ ಒಣಗುವುದೇ ಇಲ್ಲ. ಮಳೆಗಾಲಕ್ಕೆ ಮೊದಲು ಹಳೆಯ ಎಂಜಿನ್ ಆಯಿಲನ್ನು ಡೀಸೆಲಿನಲ್ಲಿ ಕಲಸಿ ಗಾಡಿಯಡಿಗೆ ಹೊಡೆಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಮಾವನೂ ತಪ್ಪದೆ ಹೊಡೆಸುತ್ತಿದ್ದರು. ಆದರೆ ಆ ಆಯಿಲು ಹೊರಗೆ ಮಾತ್ರ ಅಂಟುತ್ತದೆ, ತುಕ್ಕು ಹುಟ್ಟುವುದು ಪೆಟ್ಟಿಗೆಯಂತೆ ಮುಚ್ಚಿದ ಚಾಸಿಯ ಒಳಬದಿಯಲ್ಲಿ.

ಬ್ರಹ್ಮಾವರ, ಕೋಟ ದಾಟಿ ಕುಂದಾಪುರದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗುವಾಗ ಎದುರಿನಿಂದ ಬರುವ ಗಾಡಿಗಳನ್ನು ಲೆಕ್ಕ ಹಾಕುತ್ತ ಹೋದೆ. ಮಹೀಂದ್ರದ ಹೊಸ ಥಾರ್ ಜೀಪುಗಳನ್ನು ಎಣಿಸಿ ಮುಗಿಯಲಿಲ್ಲ. ಹಳೆಯದೆಂದು ಸಿಕ್ಕಿದ್ದು ಒಂದೇ. ತೆಕ್ಕಟ್ಟೆಯ ಬಳಿ ತೆಂಗಿನ ತೋಟದ ಬದಿಯಲ್ಲಿ ಸಿಜೆ 3ಬಿ ಜೀಪೊಂದರ ಬಾನೆಟ್ಟು ಮತ್ತು ಮುಂದಿನ ಗ್ರಿಲ್ಲು ಮಾತ್ರ ಬೇಲಿಗೆ ಒರಗಿದ್ದವು. ಆ ಎತ್ತರದ ಬಾನೆಟ್ಟಿನಿಂದ ಅದನ್ನು ದೂರದಿಂದಲೇ ಗುರುತಿಸಬಹುದು. ಅಮೆರಿಕದ ವಿಲ್ಲೀಸ್ ಕಂಪನಿ 1953ರಲ್ಲಿ ಹರಿಕೇನ್ ಎಂಬ ಎತ್ತರದ ಎಂಜಿನ್ನನ್ನು ಕೂರಿಸುವುದಕ್ಕಾಗಿಯೇ ಬಾನೆಟ್ಟನ್ನು ಹಾಗೆ ಮೇಲೆತ್ತಿತು. ಅಲ್ಲಿ 1968ರಲ್ಲಿ ನಿಂತುಹೋದ ಆ ಮಾದರಿಯನ್ನು ನಮ್ಮ ದೇಶದಲ್ಲಿ ಮಹೀಂದ್ರ ಅದರ ನಂತರವೂ ಬಹುಕಾಲ ತಯಾರಿಸುತ್ತ ಬಂತು. ಎಂಎಂ 540 ಅದೇ ವಂಶದ್ದು, ಎದೆಯೊಳಗೆ ಮಾತ್ರ ಪ್ಯೂಜೋ ಮೂಲದ 2,112 ಸಿಸಿ ಡೀಸೆಲ್ ಎಂಜಿನ್.

ಹೆಮ್ಮಾಡಿಯಲ್ಲಿ ಬಲಕ್ಕೆ ತಿರುಗಿದರೆ ಕೊಲ್ಲೂರಿನ ದಾರಿ. ನಾನು ತಿರುಗದೆ ಮರವಂತೆಯವರೆಗೆ ಹೋಗಿ ಅರ್ಧ ಗಂಟೆ ನಿಂತೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ ನದಿ, ನಡುವೆ ಹೆದ್ದಾರಿ. ಊರೂರಿನಿಂದ ಜನ ಈ ನೋಟಕ್ಕೆಂದೇ ಬರುತ್ತಾರೆ. ನಾನು ಆ ದಿನ ನೋಡಿದ್ದು ಕಾರಿನ ಗಾಜನ್ನು. ಅರ್ಧ ಗಂಟೆಯೊಳಗೆ ಅದರ ಮೇಲೆ ಬೆರಳಿನಿಂದ ಗೆರೆ ಎಳೆಯುವಷ್ಟು ಅಂಟು ಕೂತಿತ್ತು. ಬೆರಳನ್ನು ನಾಲಿಗೆಗೆ ತಾಗಿಸಿದರೆ ಉಪ್ಪು.

ಅಲ್ಲಿ ನಿಂತಾಗ ದೂರದ ದೇಶಗಳಲ್ಲಿ ನಡೆದ ಇದೇ ಕತೆ ನೆನಪಾಯಿತು. ಜಪಾನಿನ ಸುಬಾರು ಕಂಪನಿ 1972ರಲ್ಲಿ ಲಿಯೋನ್ ಎಂಬ ಸಾಧಾರಣ ಮನೆಬಳಕೆಯ ಗಾಡಿಗೆ ನಾಲ್ಕೂ ಗಾಲಿಗಳ ಚಾಲನೆಯನ್ನು ಅಳವಡಿಸಿ ಮಾರಾಟಕ್ಕೆ ತಂದಿತು. ಅಮೆರಿಕದಲ್ಲಿ ಆಗ ಜೀಪ್ ಹೆಸರಿನ ಒಡೆತನ ಹೊಂದಿದ್ದ ಎಎಂಸಿ ಕಂಪನಿ 1980ರ ಮಾದರಿಯಾಗಿ ಈಗಲ್ ಎಂಬ ಅಂಥದೇ ಕಾರನ್ನು ಬಿಟ್ಟಿತು. ಎರಡಕ್ಕೂ ಹಿಮದ ನಾಡಿನಲ್ಲಿ ಗಿರಾಕಿಗಳಿದ್ದರು. ಆದರೆ ಹಿಮ ಕರಗಲೆಂದು ಅಲ್ಲಿಯ ರಸ್ತೆಗಳಿಗೆ ಪ್ರತಿ ಚಳಿಗಾಲವೂ ಉಪ್ಪು ಸುರಿಯುತ್ತಾರೆ. ಹೀಗಾಗಿ ಯಾವ ಊರಿನ ಹಿಮಕ್ಕೆಂದು ಆ ಕಾರುಗಳನ್ನು ಮಾಡಿದರೋ ಆ ಊರಿನಲ್ಲೇ ಅವು ಮೊದಲು ಕೊಳೆತುಹೋದವು. ಉಪ್ಪು ಸುರಿಯದ, ಒಣಹವೆಯ ಪಶ್ಚಿಮದ ರಾಜ್ಯಗಳಲ್ಲಿ ಉಳಿದುಕೊಂಡವು. ಮರಳಿಗೆಂದು ಕೊಂಡ ಮಾವನ ಜೀಪಿಗೂ ಆದದ್ದು ಅದೇ.

ವಂಡ್ಸೆ, ಚಿತ್ತೂರು, ಜಡ್ಕಲ್ ದಾಟಿ ಕೊಲ್ಲೂರು ಸೇರುವಾಗ ಮಧ್ಯಾಹ್ನ. ದೇವಿಯ ದರ್ಶನ ಮುಗಿಸಿ, ಊಟ ಮಾಡಿ ಜೀಪು ನಿಲ್ಲುವ ಜಾಗಕ್ಕೆ ಬಂದರೆ, ಅಲ್ಲಿ ಸಾಲಾಗಿ ಒಂಬತ್ತು ಜೀಪುಗಳು. ಇಷ್ಟನ್ನು ಒಟ್ಟಿಗೆ ನಾನು ಉಡುಪಿಯಲ್ಲಿ ಇಪ್ಪತ್ತು ವರ್ಷಗಳಿಂದ ಕಂಡಿರಲಿಲ್ಲ. ಕೆಲವು ತಕ್ಕಮಟ್ಟಿಗೆ ಹೊಸವು, ನಾಲ್ಕು ಎಂಎಂ 540. ಒಂದರ ಕೆಳಗೆ ಬಗ್ಗಿ ನೋಡುತ್ತಿದ್ದಾಗ ಅದರ ಚಾಲಕರು ಬಂದು, "ಏನಾದ್ರೂ ಬಿತ್ತಾ ಸಾರ್?" ಎಂದು ಕೇಳಿದರು. ವಿಷಯ ತಿಳಿದ ಮೇಲೆ ತಾವೂ ನನ್ನ ಪಕ್ಕದಲ್ಲಿ ಮಂಡಿಯೂರಿ ಕೂತರು. ನಿಟ್ಟೂರು ಕಡೆಯವರು, ಈ ಜೀಪು ಅವರ ತಂದೆಯ ಕಾಲದ್ದು. ನಾನು ಕೈಯಿಂದ ಚಾಸಿಯನ್ನು ಸವರಿದೆ. ಮಣ್ಣಿತ್ತು, ಹಳೆಯ ಗ್ರೀಸಿತ್ತು, ಅಲ್ಲಲ್ಲಿ ಕಂದು ಪದರವಿತ್ತು. ಆದರೆ ಕಮಾನ್ ಪ್ಲೇಟು ಕೂಡುವ ಮೂಲೆಯಲ್ಲಿ ಸುತ್ತಿಗೆಯಿಂದ ಬಡಿದರೆ ದೇವಸ್ಥಾನದ ಗಂಟೆಯ ಹಾಗೆ ಸ್ವಚ್ಛವಾಗಿ ಸದ್ದು ಬಂತು. ಮಾವನ ಜೀಪಿನಲ್ಲಿ ಅದೇ ಜಾಗ ಮಡಕೆಯ ಹಾಗೆ ಟೊಳ್ಳಾಗಿ ಕೇಳಿಸುತ್ತಿತ್ತು.

ನಾಗೋಡಿ ಘಾಟಿ ಹತ್ತಿ, ಕಟ್ಟಿನಹೊಳೆಯ ಬಳಿ ಡಾಮರು ಮುಗಿದು ಮಣ್ಣುಹಾದಿ ಶುರುವಾದಲ್ಲಿ ಅವರು ಗಾಡಿಯನ್ನು ಪೂರ್ತಿ ನಿಲ್ಲಿಸಿದರು. ಗೇರಿನ ಪಕ್ಕದಲ್ಲಿ ಎರಡು ಗಿಡ್ಡ ಲೀವರುಗಳು. ಒಂದರ ಗುಂಡು ಸವೆದುಹೋಗಿ ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದರು. ಮೊದಲು ಮುಂದಿನ ಗಾಲಿಗಳ ಲೀವರನ್ನು ಎಳೆದರು, ಆಮೇಲೆ ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಲೋ ಗೇರಿನ ಲೀವರನ್ನು. ಈ ಕ್ರಮವನ್ನು ತಪ್ಪಿಸಲು ಬರುವುದಿಲ್ಲ: ಮುಂದಿನ ಆಕ್ಸಲ್ ಕೂಡದೆ ಲೋ ಬೀಳದ ಹಾಗೆ ಒಳಗೇ ಒಂದು ತಡೆ ಇದೆ. ಲೋನಲ್ಲಿ ಎಳೆತದ ಬಲ ಸುಮಾರು ಎರಡೂವರೆ ಪಟ್ಟು ಹೆಚ್ಚುವುದರಿಂದ, ಅಷ್ಟನ್ನೂ ಹಿಂದಿನ ಆಕ್ಸಲ್ ಒಂದೇ ಹೊತ್ತರೆ ಅದು ಮುರಿದೀತೆಂದು ಈ ಏರ್ಪಾಡು. ಡಾಮರಿನ ಮೇಲೆ ಇದನ್ನು ಹಾಕಿಕೊಂಡು ಓಡಿಸುವಂತೆಯೂ ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕಾಗುತ್ತದೆ. ಆ ವ್ಯತ್ಯಾಸವನ್ನು ಸರಿದೂಗಿಸುವ ನಡುವಿನ ಡಿಫರೆನ್ಷಿಯಲ್ ಈ ಜೀಪುಗಳಲ್ಲಿ ಇಲ್ಲ, ಗಾಲಿ ಜಾರಲು ಮಣ್ಣೇ ಬೇಕು.

ಜೀಪು ಹತ್ತತೊಡಗಿತು. ಮಳೆ ಕೊರೆದ ಕೊರಕಲುಗಳು, ಮೊಣಕಾಲೆತ್ತರದ ಬಂಡೆಗಳು, ಒಂದು ಗಾಲಿ ಗಾಳಿಯಲ್ಲಿ ತೂಗುವಂಥ ತಿರುವುಗಳು. ಮನುಷ್ಯ ನಡೆಯುವ ವೇಗಕ್ಕಿಂತ ಹೆಚ್ಚೇನೂ ಇಲ್ಲ. ಅವರು ಆಕ್ಸಿಲರೇಟರನ್ನು ಒತ್ತುತ್ತಿದ್ದುದು ಬಹಳ ಕಡಿಮೆ. ಎಂಜಿನ್ ತನ್ನ ಪಾಡಿಗೆ ಗುಟುರು ಹಾಕುತ್ತ, ಎಲ್ಲಿ ಹಿಡಿತ ಸಿಕ್ಕಿತೋ ಅಲ್ಲಿಂದ ಗಾಡಿಯನ್ನು ಮೇಲೆತ್ತುತ್ತಿತ್ತು. ಹಿಂದೆ ಕೂತಿದ್ದ ಕಾಲೇಜು ಹುಡುಗರು ಮೊದಲು ಕೂಗಿದರು, ಆಮೇಲೆ ಸರಳುಗಳನ್ನು ಗಟ್ಟಿಯಾಗಿ ಹಿಡಿದು ಸುಮ್ಮನಾದರು.

ದಾರಿಯುದ್ದಕ್ಕೂ ನನಗೆ ಮನವರಿಕೆಯಾದ ಇನ್ನೊಂದು ಸಂಗತಿಯಿದೆ. ಉಪ್ಪಿಲ್ಲದ ಗಾಳಿಯೊಂದೇ ಈ ಜೀಪುಗಳನ್ನು ಉಳಿಸಿದ್ದಲ್ಲ. ಊರಿನಲ್ಲಿ ಶೋಕಿಗೆಂದು ಇಟ್ಟ ಹಳೆಯ ಜೀಪಿನ ಮುಂದಿನ ಆಕ್ಸಲ್ ತಿಂಗಳುಗಟ್ಟಲೆ ಕೆಲಸವಿಲ್ಲದೆ ಇರುತ್ತದೆ; ಸೀಲುಗಳು ಒಣಗಿ ಬಿರಿಯುತ್ತವೆ, ತಿರುಗುವ ಶಾಫ್ಟುಗಳನ್ನು ಜೋಡಿಸುವ ಕ್ರಾಸುಗಳು ಹಿಡಿದುಕೊಳ್ಳುತ್ತವೆ, ಲೀವರುಗಳು ಅಲ್ಲಾಡುವುದನ್ನೇ ಮರೆಯುತ್ತವೆ. ಇಲ್ಲಿ ದಿನಕ್ಕೆ ಎರಡು ಸಲ ಎಲ್ಲವೂ ತಿರುಗುತ್ತವೆ, ಎಲ್ಲಕ್ಕೂ ಎಣ್ಣೆ ತಲುಪುತ್ತದೆ. ಹಾಳಾದದ್ದು ಆ ವಾರವೇ ಗೊತ್ತಾಗುತ್ತದೆ, ಏಕೆಂದರೆ ಗೊತ್ತಾಗದಿದ್ದರೆ ಗಾಡಿ ಮೇಲೆ ಹೋಗುವುದಿಲ್ಲ, ಆ ದಿನದ ಬಾಡಿಗೆಯೂ ಇಲ್ಲ. ತಗಡು ಹೋದರೆ ಹೊಸ ಬಾಡಿ ತರಿಸಬಹುದು. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಜೀಪಿನ ಕೆಲಸವೇ ಒಂದು ದೊಡ್ಡ ಕಸುಬು. ಒಳಗಿನ ಹಳೆಯ ಗೇರುಗಳನ್ನು ಹುಡುಕುವುದು ಮಾತ್ರ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ ಎಂದು ಚಾಲಕರು ಹೇಳಿದರು. ಅವರ ಗಾಡಿಯ ಟ್ರಾನ್ಸ್‌ಫರ್ ಕೇಸಿನಲ್ಲಿ ಒಂದು ಗೇರಿನ ಹಲ್ಲು ಸವೆದು, ಇಳಿಜಾರಿನಲ್ಲಿ ಲೋ ತಾನಾಗಿ ಹೊರಗೆ ಹಾರುತ್ತಿತ್ತು. ಇಳಿಯುವಾಗಲೆಲ್ಲ ಎಡಗೈಯಿಂದ ಆ ಲೀವರನ್ನು ಒತ್ತಿ ಹಿಡಿದೇ ಬರಬೇಕು.

ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಜೀಪು ನಿಂತಿತು. ಸರ್ವಜ್ಞ ಪೀಠಕ್ಕೆ ಅಲ್ಲಿಂದ ನಡೆದೇ ಹೋಗಬೇಕು. ಹುಡುಗರು ಹೊರಟರು, ನಾನು ಗುಡಿಯೆದುರೇ ಉಳಿದೆ. ಅಲ್ಲಿ ಸುಮಾರು 40 ಅಡಿಯ ಒಂದು ಕಬ್ಬಿಣದ ಕಂಬವಿದೆ. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲ ಅದೆಂದು ಪ್ರತೀತಿ. ಲೋಹವಿಜ್ಞಾನಿಗಳೂ ಅದನ್ನು ಅಭ್ಯಾಸ ಮಾಡಿದ್ದಾರೆ. ನಮ್ಮ ಕರಾವಳಿಗಿಂತ ಹೆಚ್ಚು ಮಳೆ ಬೀಳುವ, ತಿಂಗಳುಗಟ್ಟಲೆ ಮಂಜಿನೊಳಗೆ ಮುಳುಗಿರುವ ಬೆಟ್ಟದ ಮೇಲೆ, ಬಣ್ಣವೂ ಎಣ್ಣೆಯೂ ಇಲ್ಲದೆ ಅದು ನಿಂತಿದೆ. ಹಳಬರು ಕಾಯಿಸಿ ಬಡಿದು ಮಾಡಿದ ಆ ಕಬ್ಬಿಣವೇ ಬೇರೆ, ಜೀಪಿನ ತಗಡೇ ಬೇರೆ ಎಂಬುದು ನನಗೆ ಗೊತ್ತಿದೆ. ಆದರೂ ಅಂಗೈ ಇಟ್ಟು ಮುಟ್ಟಿದಾಗ, ತಂಪಾದ ಅದರ ಕಂದು ಮೈ ಕೈಗೆ ಒಂದಿಷ್ಟೂ ಪುಡಿ ಬಿಡಲಿಲ್ಲ. ಸಂತೆಕಟ್ಟೆಯ ಮೆಕ್ಯಾನಿಕ್ ಹೇಳಿದ ಮಾತು ಆಗ ಮತ್ತೆ ನೆನಪಿಗೆ ಬಂತು.

ಇಳಿಯುವಾಗ ನಾನು ಚಾಲಕರ ಪಕ್ಕದಲ್ಲಿ ಕೂತು, ಅವರ ಬದಲು ಆ ಲೀವರನ್ನು ಒತ್ತಿ ಹಿಡಿದುಕೊಂಡೆ. ಕಟ್ಟಿನಹೊಳೆ ತಲುಪುವಷ್ಟರಲ್ಲಿ ಮುಂಗೈ ಮರಗಟ್ಟಿತ್ತು. ಒಮ್ಮೆ ಉಡುಪಿಗೆ ಜೀಪನ್ನು ತನ್ನಿ, ನಮ್ಮ ಮೆಕ್ಯಾನಿಕ್ ನೋಡಲಿ ಎಂದೆ. ಅವರು ತಲೆಯಾಡಿಸಿದರು. "ಇದನ್ನ ನಾನು ಕುಂದಾಪುರಕ್ಕೂ ಇಳ್ಸೋದಿಲ್ಲ ಸಾರ್. ಸಾಮಾನು ಬೇಕಂದ್ರೆ ಬಸ್ಸಲ್ಲೇ ಹೋಗಿ ಬರ್ತೀನಿ. ಅಪ್ಪನೂ ಹಂಗೇ ಮಾಡ್ತಿದ್ರು." ಅಟ್ಟದ ಮೇಲಿನ ಗೋಣಿಯ ವಿಷಯವನ್ನು ಆಗ ಹೇಳಿದೆ. ಅವರು ಗಾಡಿಯನ್ನು ಬದಿಗೆ ನಿಲ್ಲಿಸಿ, ಯಾವ ವರ್ಷದ್ದು, ಹಲ್ಲುಗಳು ಹೇಗಿವೆ, ಶಾಫ್ಟಿನಲ್ಲಿ ಆಟ ಇದೆಯೇ ಎಂದು ಒಂದೊಂದಾಗಿ ಕೇಳಿದರು.

ಮರುವಾರ ಗೋಣಿ ಬಿಚ್ಚಿದಾಗ, ಮಾವ ಬಳಿದಿದ್ದ ಗ್ರೀಸು ಗಟ್ಟಿಯಾಗಿ ಮೇಣದಂತಾಗಿತ್ತು. ಬಟ್ಟೆಯಿಂದ ಒರೆಸಿದರೆ ಒಳಗಿನ ಗೇರುಗಳು ಹೊಸದರ ಹಾಗೆ ಹೊಳೆದವು; ಉಪ್ಪು ಅಲ್ಲಿಗೆ ತಲುಪಿರಲಿಲ್ಲ. ಹೊಸ ಗೋಣಿಯಲ್ಲಿ ಕಟ್ಟಿ, ಕೊಲ್ಲೂರಿಗೆ ಹೋಗುವ ಬಸ್ಸಿನ ಕಂಡಕ್ಟರರ ಕೈಗೆ ಒಪ್ಪಿಸಿದೆ. ಹತ್ತು ದಿನದ ಮೇಲೆ ಚಾಲಕರ ಫೋನು ಬಂತು. ಮಾತಿಗೆ ಮೊದಲು ಎಂಜಿನ್ನಿನ ಸದ್ದು ಕೇಳಿಸಿತು, ಆಮೇಲೆ ಅವರ ದನಿ: "ಮೇಲಿಂದ ಇಳೀತಿದೀನಿ ಸಾರ್, ಲೀವರ್ ಹಿಡ್ಕೊಂಡಿಲ್ಲ."