ಮಾವನ ಅಟ್ಟದಲ್ಲಿ 21 ಮನೆ

ಮಂಗಳೂರಿನಿಂದ ಬೆಳಗ್ಗಿನ ಗಾಡಿ ಹತ್ತಿ ಕುಂಬಳೆಯಲ್ಲಿ ಇಳಿದೆ. ಬ್ಯಾಗಿನಲ್ಲಿ ಬಟ್ಟೆಗಿಂತ ಸಾಮಾನೇ ಜಾಸ್ತಿ. ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಸಣ್ಣ ಸ್ಕ್ರೂಡ್ರೈವರ್‌ಗಳು, 9 ವೋಲ್ಟ್‌ನ ಒಂದು ಅಡಾಪ್ಟರ್. ಬದಿಯಡ್ಕದ ಬಸ್ಸಿನಲ್ಲಿ ಕಂಡಕ್ಟರ್ ಬ್ಯಾಗ್ ಎತ್ತಿ ನೋಡಿ, "ಎಂತ ಮಾರಾಯ್ರೆ, ಕಲ್ಲು ತುಂಬಿಸಿದ್ದೀರಾ?" ಅಂದ. ಸೀತಾಂಗೋಳಿ, ನೀರ್ಚಾಲು ದಾಟುವಾಗ ಎರಡೂ ಕಡೆ ಅಡಿಕೆ ತೋಟ. ಹಿಂದಿನ ಸೀಟಿನಲ್ಲಿ ತುಳು, ಪಕ್ಕದಲ್ಲಿ ಮಲಯಾಳ, ನನ್ನ ಫೋನಿನಲ್ಲಿ ಕನ್ನಡ. ಅಲ್ಲಿ ಇದೆಲ್ಲ ಯಾರಿಗೂ ವಿಶೇಷ ಅನ್ನಿಸುವುದಿಲ್ಲ.

ಮಾವ ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಈಗ ಎಂಬತ್ತು ದಾಟಿದೆ. ಅಂಗಳದಲ್ಲೇ ಕೇಳಿದರು, "ಆಸರಿಂಗೆ ಎಂತ ಬೇಕು ಮಾಣಿ?" ಮಜ್ಜಿಗೆ ಕುಡಿದು ಮುಗಿಸುವಷ್ಟರಲ್ಲಿ ಅಟ್ಟದಿಂದ ಒಂದು ಡಬ್ಬ ಇಳಿದಿತ್ತು. ಒಳಗೆ ಹಳೆಯ ಪಂಚೆ ಸುತ್ತಿಕೊಂಡು ಮಲಗಿದ್ದದ್ದು ಸ್ಪೆಕ್ಟ್ರಂ ಪ್ಲಸ್ ಕಂಪ್ಯೂಟರ್. "ಜೀವ ಇದ್ದೋ ನೋಡು" ಅಂದರು.

ಈ ಯಂತ್ರದ ಮೂಲ ಇಂಗ್ಲೆಂಡಿನದು. 1982ರಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಂ. ಒಳಗೆ 3.5 ಮೆಗಾಹರ್ಟ್ಸ್‌ನ ಝಡ್ 80 ಚಿಪ್, ದೊಡ್ಡ ಮಾದರಿಯಲ್ಲಿ 48 ಕಿಲೋಬೈಟ್ ಮೆಮೊರಿ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯಲಿಕ್ಕಿಲ್ಲ. 80ರ ದಶಕದಲ್ಲಿ ಡೆಸಿಬೆಲ್ಸ್ ಎಂಬ ಕಂಪನಿ ಪರವಾನಗಿ ಪಡೆದು ನಮ್ಮ ದೇಶದಲ್ಲೂ ಮಾರಿತು. ಮಾವನಿಗೆ ಇದನ್ನು 1988ರಲ್ಲಿ ಬೊಂಬಾಯಿಯಲ್ಲಿದ್ದ ತಮ್ಮ ತಂದುಕೊಟ್ಟದ್ದು.

ಮೊದಲು ಕರೆಂಟಿನ ವಿಷಯ. ಮಾಮೂಲಿ ಅಡಾಪ್ಟರ್‌ಗಳಲ್ಲಿ ನಡುವಿನ ಪಿನ್ ಪ್ಲಸ್. ಇದರಲ್ಲಿ ಉಲ್ಟಾ, ನಡುವೆ ಮೈನಸ್. ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾತಾಡುತ್ತಾ ಸಿಕ್ಕಿಸಲಿಕ್ಕೆ ಹೋದೆ! ಅಷ್ಟರಲ್ಲಿ ಅತ್ತೆ ಹಲಸಿನ ಹಪ್ಪಳ ತಂದರು, ಕೈ ಆ ಕಡೆ ಹೋಯಿತು, ಯಂತ್ರ ಉಳಿಯಿತು. ಆಮೇಲೆ ಬುದ್ಧಿ ಬಂದು ವಯರು ಕತ್ತರಿಸಿ, ಅದಲುಬದಲು ಮಾಡಿ, ಮೀಟರಿನಲ್ಲಿ ಎರಡು ಸಲ ನೋಡಿದೆ. ಟಿ.ವಿ.ಗೆ ಕೊಡುವ ಚಿತ್ರವನ್ನೂ ಬದಲಿಸಬೇಕಾಯಿತು. ಹಳೆಯ ಆಂಟೆನಾ ದಾರಿ ಬಿಟ್ಟು, ನೇರವಾಗಿ ಹಳದಿ ಎವಿ ತೂತಿಗೆ. ಎರಡು ಬೆಸುಗೆಯ ಕೆಲಸ, ಅಷ್ಟೇ.

ಸ್ವಿಚ್ ಒತ್ತಿದೆ. ಟಿ.ವಿ. ಬೆಳ್ಳಗಾಯಿತು. ಕೆಳಗೆ ಸಣ್ಣದಾಗಿ 1982 ಸಿಂಕ್ಲೇರ್ ರಿಸರ್ಚ್ ಎಂಬ ಸಾಲು. ಮಾವ ಏನೂ ಹೇಳಲಿಲ್ಲ, ಕನ್ನಡಕ ಒರೆಸಿಕೊಂಡರು.

ಆದರೆ ಅರ್ಧ ಕೀಲಿಗಳು ಕೆಲಸ ಮಾಡಲಿಲ್ಲ. ಕೀಲಿಗಳ ಅಡಿಯಲ್ಲಿ ತೆಳುವಾದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದರ ಬಾಲ ಒಣಗಿ ತುದಿಯಲ್ಲಿ ಬಿರಿದಿತ್ತು. ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ಸಿಕ್ಕಿಸಿದೆ. ಇನ್ನೊಮ್ಮೆ ಬಿರಿದರೆ ಕತ್ತರಿಸಲು ಬಾಲವೇ ಉಳಿದಿಲ್ಲ.

ಊಟ ಆದ ಮೇಲೆ ಮಾವ ಬರೆದಿಟ್ಟಿದ್ದ ಪ್ರೋಗ್ರಾಂನ ಕ್ಯಾಸೆಟ್. ಆ ಕಾಲದಲ್ಲಿ ಪ್ರೋಗ್ರಾಂ ಉಳಿಸುತ್ತಿದ್ದದ್ದು ಹಾಡಿನ ಕ್ಯಾಸೆಟ್ಟಿನಲ್ಲೇ. ಟೇಪ್ ರೆಕಾರ್ಡರಿನ ಬೆಲ್ಟ್ ಕರಗಿ ಡಾಂಬರಿನಂತಾಗಿತ್ತು. ಸೈಕಲ್ ಟ್ಯೂಬಿನಿಂದ ತೆಳುವಾದ ಉಂಗುರ ಕತ್ತರಿಸಿ ಹಾಕಿದೆ. ತಿರುಗಿತು. ಕಂಪ್ಯೂಟರ್ ಮಾತ್ರ ಲೋಡಿಂಗ್ ಎರರ್ ಎಂದು ಹಟ ಹಿಡಿಯಿತು. ಟೇಪ್ ಓದುವ ಹೆಡ್ ಸ್ವಲ್ಪ ವಾಲಿದರೂ ಹೀಗಾಗುತ್ತದೆ. ಪಕ್ಕದಲ್ಲಿ ಒಂದು ಸಣ್ಣ ತಿರುಪು ಇರುತ್ತದೆ, ಸದ್ದು ತೀರಾ ಚೂಪಾಗುವ ತನಕ ಅದನ್ನು ತಿರುಗಿಸಬೇಕು. ನನ್ನ ಕಿವಿಗೆ ಎಲ್ಲವೂ ಒಂದೇ ಕಿರುಚಾಟ. ಮಾವ ಹಿಂದೆ ಚೆಂಡೆ ಬಾರಿಸುತ್ತಿದ್ದವರು. ಸ್ಕ್ರೂಡ್ರೈವರ್ ಕಸಿದುಕೊಂಡು, ಕಣ್ಣು ಮುಚ್ಚಿ, ಮದ್ದಳೆಗೆ ಶ್ರುತಿ ಮಾಡುವವರ ಹಾಗೆ ಕೂದಲೆಳೆಯಷ್ಟು ತಿರುಗಿಸಿದರು. "ಈಗ ಹಾಕು." ಅಂಚಿನಲ್ಲಿ ಕೆಂಪು, ತಿಳಿನೀಲಿ ಪಟ್ಟೆ ಓಡಿತು. ಆಮೇಲೆ ನೀಲಿ, ಹಳದಿ. ಮಾಹಿತಿ ಒಳಗೆ ಹೋಗುತ್ತಿದೆ ಅಂತ ಅರ್ಥ.

ತೆರೆಯ ಮೇಲೆ ಕನ್ನಡ ಬಂತು. ಮರ, ಕಮಲ, ಗರಗಸ.

ಈ ಯಂತ್ರಕ್ಕೆ ಕನ್ನಡ ಬರುವುದಿಲ್ಲ. ಆದರೆ ನಾವೇ ಗೀಚಿದ ಅಕ್ಷರಗಳಿಗೆ ಅದು 21 ಮನೆ ಬಿಟ್ಟಿದೆ. ಚೆನ್ನೆಮಣೆಗೆ ಇರುವುದು 14, ಇಲ್ಲಿ ಏಳು ಜಾಸ್ತಿ! ಒಂದೊಂದು ಮನೆಗೆ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ, ಸಾಲೊಂದಕ್ಕೆ ಒಂದು ಬೈಟ್, ಅಂದರೆ ಒಂದು ಸಂಖ್ಯೆ. ಮಾವನ ಚೌಕುಳಿ ಪುಸ್ತಕ ಇನ್ನೂ ಇತ್ತು. ಮೇಲೆ 128, 64, 32 ಎಂದು 1ರವರೆಗೆ ಬರೆದು, ಕೆಳಗೆ ಪೆನ್ಸಿಲಿನಿಂದ ಅಕ್ಷರ ತುಂಬಿಸಿದ್ದರು. 64ರ ಚುಕ್ಕಿಯೂ 2ರ ಚುಕ್ಕಿಯೂ ತುಂಬಿದರೆ ಆ ಸಾಲು 66. ಎಂಟು ಚುಕ್ಕಿಯ ಅಗಲದಲ್ಲಿ ಕನ್ನಡದ ಸುತ್ತು ಹಿಡಿಸುವುದು ಸುಮ್ನೆ ಮಾತಲ್ಲ. ದಕಾರದ ಹೊಟ್ಟೆ ಸೀಳಿ ಧಕಾರ ಮಾಡಲು ಅಲ್ಲಿ ಜಾಗವೇ ಇಲ್ಲ. ಒತ್ತಕ್ಷರದ ಮಾತೇ ಬೇಡ.

ಒಂದನೇ ಕ್ಲಾಸಿನ ಮಕ್ಕಳಿಗೆ ಬೇಕಾದ ಅಕ್ಷರಗಳಿಗೇ 21 ಮನೆಯೂ ಭರ್ತಿ. "ಕಾಸರಗೋಡು ಅಂತ ಬರೆಯಲಿಕ್ಕೆ ಆಗಲಿಲ್ಲ ನೋಡು" ಅಂದರು ಮಾವ. "ಕಾ, ಗೋ, ಡು ಎಲ್ಲ ಸೇರಿ ಐದಾರು ಮನೆ ಬೇಕು. ಯಾರನ್ನು ಹೊರಗೆ ಹಾಕುವುದು?"

ಇಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ಒಮ್ಮೆ ತೆರೆಗೆ ಬಿದ್ದ ಅಕ್ಷರ ಬರೀ ಚುಕ್ಕಿಗಳ ಚಿತ್ರ, ಅದಕ್ಕೂ ಮನೆಗೂ ಆಮೇಲೆ ಸಂಬಂಧ ಇಲ್ಲ. ಮನೆಯನ್ನು ಅಳಿಸಿ ಬೇರೆ ಅಕ್ಷರ ತುಂಬಿಸಿದರೂ ತೆರೆಯ ಮೇಲಿನದು ಹಾಗೇ ಇರುತ್ತದೆ. ಅಂದರೆ ಒಂದೇ ಮನೆಯಲ್ಲಿ ಎಷ್ಟು ಅಕ್ಷರ ಬೇಕಾದರೂ ಬಂದು ಹೋಗಬಹುದು.

ಮಾವ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಇದನ್ನು ಆಗಲೇ ಹೇಳಲಿಕ್ಕೆ ಆಗಲಿಲ್ಲವಾ ಮಾರಾಯಾ?"

"ಆಗ ನಾನು ಮೂರನೇ ಕ್ಲಾಸು ಮಾವ."

ಪೆನ್ಸಿಲ್ ಚೂಪು ಮಾಡಿಕೊಂಡರು. ಗೋಗೆ ಎರಡು ಮನೆ, ಡುಗೆ ಎರಡು. ಅವರು ಸಂಖ್ಯೆ ಹೇಳಿದ ಹಾಗೆ ನಾನು ಒತ್ತುತ್ತಾ ಹೋದೆ. ನಾಲ್ಕು ಗಂಟೆಯ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆದು ಹೋಯಿತು. ಐದೂವರೆಗೆ ತೆರೆಯ ಮೇಲೆ ಕಾಸರಗೋಡು ಬಂತು, ಡುವಿನ ಬಾಲ ಮಾತ್ರ ಒಂದು ಚುಕ್ಕಿ ಆಚೆ. ಮಾವ ರಬ್ಬರ್ ಹುಡುಕುತ್ತಾ, ಚಾವಡಿಯಲ್ಲಿ ನನಗೆ ಹಾಸಿಗೆ ಹಾಸಲು ಅತ್ತೆಗೆ ಕೂಗಿ ಹೇಳಿದರು.